ಆ್ಯಪ್‌ನೊಳಗಿನ ಖರೀದಿ: ಟೆಸ್ಟ್ ಮಾಡುವುದು ಹೇಗೆ, ಕೈಕೊಡುವುದು ಎಲ್ಲಿ

‘ಕೋಡ್ ಸರಿಯಾಗೇ ಇದೆ ಸರ್, ಗೂಗಲ್ ಕಡೆಯಿಂದಲೇ ಏನೋ ತೊಂದರೆ.’ ಆ್ಯಪ್ ಮಾಡುವ ಹುಡುಗರು ಲ್ಯಾಪ್‌ಟಾಪ್ ಹಿಡಿದು ಬಂದರೆ ಮೊದಲು ಆಡುವ ಮಾತಿದು. ಕೋಡ್ ವಿಷಯದಲ್ಲಿ ಅವರು ಹೇಳುವುದು ಎಷ್ಟೋ ಸಲ ನಿಜ. ಆದರೆ ಫೋನಿನಲ್ಲಿ ನಾಲ್ಕು ಜಿಮೇಲ್ ಖಾತೆ ಇಟ್ಟುಕೊಂಡವರು ಗೂಗಲ್ ಮೇಲೆ ದೂರು ಹೇಳಬಾರದು.

ಕನ್ನಡ ಪದಬಂಧದ ಒಂದು ಆಂಡ್ರಾಯ್ಡ್ ಆ್ಯಪ್ ಇದೆ ಎಂದುಕೊಳ್ಳಿ. 29 ರೂಪಾಯಿಗೆ ಹತ್ತು ಸುಳಿವು. ಒಮ್ಮೆ ದುಡ್ಡು ಕೊಟ್ಟರೆ ಜಾಹೀರಾತು ಮಾಯ. ಜೊತೆಗೊಂದು ತಿಂಗಳ ಚಂದಾ. ಈ ಮೂರನ್ನೂ ಬಿಡುಗಡೆಗೆ ಮುಂಚೆ ಪರೀಕ್ಷಿಸಬೇಕು.

ಒಂದು. ದುಡ್ಡು ಪಡೆಯಲು ಪೇಮೆಂಟ್ಸ್ ಪ್ರೊಫೈಲ್ ಮಾಡಿ, ಖರೀದಿ ನಡೆಸುವ ಗೂಗಲ್‌ನ ಬಿಲ್ಲಿಂಗ್ ಲೈಬ್ರರಿ ಸೇರಿಸಿದ ಆವೃತ್ತಿಯನ್ನು ಪ್ಲೇ ಕನ್ಸೋಲ್‌ನ (ಆ್ಯಪ್ ಮಾಡುವವರಿಗಾಗಿ ಇರುವ ಗೂಗಲ್ ತಾಣ) ಇಂಟರ್ನಲ್ ಟೆಸ್ಟಿಂಗ್ ವಿಭಾಗಕ್ಕೆ ಅಪ್‌ಲೋಡ್ ಮಾಡಿ, ಪ್ರಾಡಕ್ಟ್‌ಗಳನ್ನು, ಅಂದರೆ ಮಾರುವ ಮಾಲುಗಳನ್ನು, ಸೇರಿಸಿ. ಪ್ರಾಡಕ್ಟ್‌ನ ಐಡಿಗೆ ‘ಟೆಸ್ಟ್1’ ಎಂದೆಲ್ಲ ಹೆಸರಿಡಬೇಡಿ; ಒಮ್ಮೆ ಬಳಸಿದ ಐಡಿ ಅಳಿಸಿದರೂ ಮತ್ತೆ ಸಿಗುವುದಿಲ್ಲ.

ಎರಡು. ಪರೀಕ್ಷಿಸುವವರ ಇಮೇಲ್ ಸೇರಿಸಿ. ಇಲ್ಲಿ ಎರಡು ಪಟ್ಟಿಗಳಿವೆ. ಇಂಟರ್ನಲ್ ಟೆಸ್ಟಿಂಗ್ ಪಟ್ಟಿಯಲ್ಲಿದ್ದವರಿಗೆ ಆ್ಯಪ್ ಇಳಿಸಿಕೊಳ್ಳಲು ಬಿಡುತ್ತಾರೆ, ಅಷ್ಟೇ. ದುಡ್ಡು ಹೋಗದೆ ಖರೀದಿಸಬೇಕಾದರೆ ಸೆಟ್ಟಿಂಗ್ಸ್‌ನಲ್ಲಿರುವ ಲೈಸೆನ್ಸ್ ಟೆಸ್ಟಿಂಗ್ ಪಟ್ಟಿಯಲ್ಲೂ ಹೆಸರಿರಬೇಕು. ಮೊದಲನೆಯದರಲ್ಲಿ ಮಾತ್ರ ಹೆಸರು ಬರೆದು, ಸ್ವಂತ ಕಾರ್ಡಿನಿಂದ ಸ್ವಂತ ಆ್ಯಪ್‌ಗೆ ಚಂದಾ ಕಟ್ಟಿದವರನ್ನು ನೋಡಿದ್ದೇನೆ. ‘ಬೈ’ ಒತ್ತಿದಾಗ ಕೆಳಗಿನಿಂದ ಏಳುವ ಪಟ್ಟಿಯಲ್ಲಿ ಟೆಸ್ಟ್ ಕಾರ್ಡ್ ಕಾಣಬೇಕು. ನಿಮ್ಮ ಯುಪಿಐ ಕಂಡರೆ ಅಲ್ಲಿಗೇ ನಿಲ್ಲಿಸಿ.

ಅದೇ ಜಾಗದಲ್ಲಿ ಯಾವ ಇಮೇಲ್ ಕಾಣುತ್ತಿದೆ ಎಂದೂ ನೋಡಿ. ಫೋನಿನಲ್ಲಿ ಮನೆಯದು, ಆಫೀಸಿನದು, ಹಳೇ ಕಾಲೇಜಿನದು ಎಂದು ನಾಲ್ಕು ಖಾತೆಗಳಿದ್ದರೆ ಖರೀದಿ ಯಾವುದಕ್ಕೋ ಹೋಗಿ ಕೂರುತ್ತದೆ. ಇದಕ್ಕೆ ನನ್ನ ಮದ್ದು ಒಂದೇ: ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನ್ ತೆಗೆದು, ಎಲ್ಲ ಅಳಿಸಿ, ಟೆಸ್ಟರ್ ಖಾತೆಯೊಂದನ್ನೇ ಹಾಕಿ. ಕಂಪ್ಯೂಟರಿನಲ್ಲೇ ಫೋನಿನಂತೆ ನಡೆಯುವ ಎಮ್ಯುಲೇಟರ್ ನನಗೆ ಇಷ್ಟವಿಲ್ಲ. ಬೇಕೇ ಬೇಕೆಂದರೆ ಪ್ಲೇಸ್ಟೋರ್ ಇರುವ ಸಿಸ್ಟಮ್ ಇಮೇಜ್ ಆರಿಸಿ.

ಮೂರು. ‘ಐಟಂ ಸಿಗಲಿಲ್ಲ’ ಎಂದು ಬಂದರೆ ಮೊದಲು ಪ್ಯಾಕೇಜ್ ಹೆಸರು (ಆ್ಯಪ್‌ನ ಗುರುತಿನ ಹೆಸರು) ನೋಡಿ. ಡಿಬಗ್ ಬಿಲ್ಡ್‌ಗೆ, ಅಂದರೆ ತಪ್ಪು ಹುಡುಕಲು ಮಾಡಿಕೊಳ್ಳುವ ಆವೃತ್ತಿಗೆ, ಗ್ರೇಡಲ್ ಎಂಬ ಬಿಲ್ಡ್ ಫೈಲಿನಲ್ಲಿ ‘ಡಾಟ್ ಡಿಬಗ್’ ಬಾಲ ಅಂಟಿಸಿರುತ್ತೀರಿ, ಮರೆತಿರುತ್ತೀರಿ. ಆ ಹೆಸರಿನ ಆ್ಯಪ್ ಕನ್ಸೋಲ್‌ನಲ್ಲೇ ಇಲ್ಲ. ಬಾಲ ಕತ್ತರಿಸಿದರೆ, ಲೈಸೆನ್ಸ್ ಟೆಸ್ಟರ್ ಖಾತೆಯಿರುವ ಫೋನಿಗೆ ಡಿಬಗ್ ಬಿಲ್ಡನ್ನೇ ಕೇಬಲ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಪ್ರತಿ ತಿದ್ದುಪಡಿಗೂ ಹೊಸದಾಗಿ ಅಪ್‌ಲೋಡ್ ಮಾಡಿ ಕಾಯುವುದು ವ್ಯರ್ಥ. ಆಮೇಲೆ ಪ್ರಾಡಕ್ಟ್ ಆ್ಯಕ್ಟಿವ್ ಆಗಿದೆಯೇ, ಚಂದಾ ಆದರೆ ಅದರ ಬೇಸ್ ಪ್ಲಾನ್ (ಅವಧಿ, ಬೆಲೆ ನಮೂದಿಸುವ ಭಾಗ) ಆ್ಯಕ್ಟಿವ್ ಆಗಿದೆಯೇ ನೋಡಿ. ಪ್ರಾಡಕ್ಟ್ ಐಡಿಯಲ್ಲಿ ಅಂಡರ್‌ಸ್ಕೋರ್ ನಡೆಯುತ್ತದೆ, ಬೇಸ್ ಪ್ಲಾನ್ ಐಡಿಯಲ್ಲಿ ಹೈಫನ್. ಈ ಮಡಿಮೈಲಿಗೆ ಯಾರು ಮಾಡಿದರೋ! ಎಲ್ಲ ಸರಿಯಿದ್ದೂ ಬರದಿದ್ದರೆ ಕೆಲವು ಗಂಟೆ ಬಿಟ್ಟು ನೋಡಿ. ಹೊಸ ಪ್ರಾಡಕ್ಟ್ ಕೆಲವೊಮ್ಮೆ ತಡವಾಗಿ ಕಾಣಿಸುತ್ತದೆ.

ಹಳೆಯ ವಿಡಿಯೊ ಪಾಠಗಳಲ್ಲಿ ‘ಆಂಡ್ರಾಯ್ಡ್ ಡಾಟ್ ಟೆಸ್ಟ್ ಡಾಟ್ ಪರ್ಚೇಸ್ಡ್’ ಎಂಬ ಸಿದ್ಧ ಐಡಿ ಬಳಸಿ ಎನ್ನುತ್ತಾರೆ. ಅದರ ಕಾಲ ಮುಗಿಯಿತು. ವಿಡಿಯೊ ಮುಚ್ಚಿ.

ಲಾಗ್‌ನಲ್ಲಿ ಗೂಗಲ್ ಉತ್ತರವಾಗಿ ಕೊಡುವ ರೆಸ್ಪಾನ್ಸ್ ಕೋಡ್ ಮತ್ತು ಡಿಬಗ್ ಮೆಸೇಜ್ ಎರಡನ್ನೂ ಮುದ್ರಿಸಿ. 3 ಬಂದರೆ ಆ ಫೋನಿನಲ್ಲಿ ಬಿಲ್ಲಿಂಗ್ ಲಭ್ಯವಿಲ್ಲ, 4 ಬಂದರೆ ಐಟಂ ಇಲ್ಲ, 5 ಬಂದರೆ ತಪ್ಪು ನಿಮ್ಮದೇ. ಬರೀ ‘ಏನೋ ತಪ್ಪಾಗಿದೆ’ ಎಂದು ತೋರಿಸುವ ಕೋಡ್ ತಂದವರ ಪಕ್ಕ ನಾನು ಕೂರುವುದಿಲ್ಲ.

ನಾಲ್ಕು. ಕೆಲಸ ಕೆಡುವುದು ಇಲ್ಲಿ. ಟೆಸ್ಟ್ ಕಾರ್ಡಿನಲ್ಲಿ ಖರೀದಿ ಆಯಿತು, ಹತ್ತು ಸುಳಿವು ಬಂತು, ಹುಡುಗ ಟೀ ಕುಡಿಯಲು ಹೋದ. ವಾಪಸ್ ಬರುವಷ್ಟರಲ್ಲಿ ಆರ್ಡರ್ ರದ್ದು, ದುಡ್ಡು ವಾಪಸ್!

ಕೊರಿಯರ್ ತಲುಪಿದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಹಾಗೆ ಮಾಲು ಕೊಟ್ಟಾಯಿತು ಎಂದು ಆ್ಯಪ್ ಗೂಗಲ್‌ಗೆ ತಿಳಿಸಬೇಕು. ಇದೇ ಅಕ್ನಾಲೆಜ್. 3 ದಿನದೊಳಗೆ ತಿಳಿಸದಿದ್ದರೆ ಗೂಗಲ್ ಗ್ರಾಹಕರಿಗೆ ದುಡ್ಡು ಮರಳಿಸಿ ಖರೀದಿ ರದ್ದು ಮಾಡುತ್ತದೆ. ಲೈಸೆನ್ಸ್ ಟೆಸ್ಟರ್‌ಗಳಿಗೆ ಆ ಗಡುವು ಕೆಲವೇ ನಿಮಿಷ. ಆದ್ದರಿಂದ ಖರೀದಿಸಿದ ಮೇಲೆ ಹತ್ತು ನಿಮಿಷ ಕಾಯ್ದು, ಆರ್ಡರ್ ಉಳಿದಿದೆಯೇ ನೋಡಿ.

ಜಾಹೀರಾತು ತೆಗೆಯುವಂಥ ಶಾಶ್ವತ ಮಾಲಿಗೆ ಅಕ್ನಾಲೆಜ್ ಮಾಡಿ. ಸುಳಿವಿನಂಥ ಖರ್ಚಾಗುವ ಮಾಲಿಗೆ ಕನ್ಸ್ಯೂಮ್ ಮಾಡಿ, ಅಂದರೆ ಇದನ್ನು ಮತ್ತೆ ಕೊಳ್ಳಬಹುದು ಎಂದು ಗೂಗಲ್‌ಗೆ ತಿಳಿಸಿ. ಅದರೊಳಗೇ ಅಕ್ನಾಲೆಜ್ ಕೂಡ ಆಗುತ್ತದೆ. ಅದಲು ಬದಲಾದರೆ ಎರಡು ಬಗೆಯ ಫಜೀತಿ. ಸುಳಿವನ್ನು ಕನ್ಸ್ಯೂಮ್ ಮಾಡದಿದ್ದರೆ ಎರಡನೇ ಸಲ ಕೊಳ್ಳುವಾಗ 7ನೇ ಕೋಡ್, ಅಂದರೆ ‘ಈಗಾಗಲೇ ನಿಮ್ಮ ಬಳಿ ಇದೆ’. ಜಾಹೀರಾತಿನದನ್ನು ಕನ್ಸ್ಯೂಮ್ ಮಾಡಿಬಿಟ್ಟರೆ ಫೋನ್ ಬದಲಿಸಿದ ಗ್ರಾಹಕನಿಗೆ ಜಾಹೀರಾತು ಮತ್ತೆ ಪ್ರತ್ಯಕ್ಷ. 7 ಬಂದ ಕೂಡಲೇ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುತ್ತೀರಿ, ಗೊತ್ತು. ಪ್ರಯೋಜನವಿಲ್ಲ. ಲೆಕ್ಕ ಇರುವುದು ಖಾತೆಯಲ್ಲಿ, ಫೋನಿನಲ್ಲಲ್ಲ. ಆ್ಯಪ್ ತೆರೆದಾಗಲೆಲ್ಲ ಬಾಕಿ ಖರೀದಿಗಳನ್ನು ಗೂಗಲ್‌ನಿಂದ ಕೇಳಿ ತರಿಸಿ, ಅರ್ಧಕ್ಕೆ ನಿಂತದ್ದನ್ನು ಅಲ್ಲೇ ಮುಗಿಸಿ.

ಟೆಸ್ಟ್ ಕಾರ್ಡುಗಳಲ್ಲಿ ಎಲ್ಲರೂ ಬಳಸುವುದು ಸದಾ ಒಪ್ಪುವ ಕಾರ್ಡ್. ನಿಮಗೆ ಬೇಕಾದದ್ದು ನಿಧಾನ ಕಾರ್ಡ್. ಅದು ಕೆಲವು ನಿಮಿಷ ತಡೆದು ಒಪ್ಪುತ್ತದೆ. ತಡೆದು ನಿರಾಕರಿಸುವ ಇನ್ನೊಂದೂ ಇದೆ. ಆ ಹೊತ್ತಿನಲ್ಲಿ ಖರೀದಿ ಪೆಂಡಿಂಗ್ ಆಗಿರುತ್ತದೆ. ಆಗಲೇ ಸುಳಿವು ಕೊಟ್ಟರೆ ಪುಕ್ಕಟೆ ಕೊಟ್ಟ ಹಾಗೆ. ಒಮ್ಮೆ ಹೀಗೆ ಮಾಡಿ: ನಿಧಾನ ಕಾರ್ಡಿನಲ್ಲಿ ಕೊಂಡು, ತಕ್ಷಣ ಆ್ಯಪ್ ಪೂರ್ತಿ ಮುಚ್ಚಿ, ಐದಾರು ನಿಮಿಷದ ಮೇಲೆ ತೆರೆಯಿರಿ. ಹತ್ತು ಸುಳಿವು ಬಂದಿರಬೇಕು. ಸೊನ್ನೆಯೂ ಅಲ್ಲ, ಇಪ್ಪತ್ತೂ ಅಲ್ಲ. ಇಪ್ಪತ್ತು ಬಂದರೆ ಪರ್ಚೇಸ್ ಟೋಕನ್, ಅಂದರೆ ಪ್ರತಿ ಖರೀದಿಗೂ ಗೂಗಲ್ ಕೊಡುವ ಗುರುತು, ಬರೆದಿಟ್ಟುಕೊಳ್ಳುತ್ತಿಲ್ಲ ಎಂದರ್ಥ.

ಐದು. ಚಂದಾ ಪರೀಕ್ಷೆಗೆ ತಿಂಗಳು ಕಾಯಬೇಕಿಲ್ಲ. ಟೆಸ್ಟರ್‌ಗಳಿಗೆ ತಿಂಗಳ ಚಂದಾ 5 ನಿಮಿಷಕ್ಕೆ, ವರ್ಷದ್ದು 30 ನಿಮಿಷಕ್ಕೆ ನವೀಕರಣವಾಗುತ್ತದೆ. 6 ಸಲ ಆದ ಮೇಲೆ ತಾನಾಗಿ ನಿಲ್ಲುತ್ತದೆ. ಅದು ನಿಮ್ಮ ಬಗ್ ಅಲ್ಲ. ಮಧ್ಯೆ ಒಮ್ಮೆ ಸದಾ ನಿರಾಕರಿಸುವ ಕಾರ್ಡಿಗೆ ಬದಲಿಸಿ, ಆ್ಯಪ್ ಏನು ಮಾಡುತ್ತದೆ ನೋಡಿ. ನಮ್ಮಲ್ಲಿ ಇದು ಮುಖ್ಯ: 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ಪದೇಪದೇ ಕಡಿತವಾಗುವ ಹಣಕ್ಕೆ ಗ್ರಾಹಕರ ಇ-ಮ್ಯಾಂಡೇಟ್ (ಮೊದಲೇ ಕೊಟ್ಟ ಒಪ್ಪಿಗೆ) ಬೇಕು, ಕಡಿತಕ್ಕೆ ಒಂದು ದಿನ ಮೊದಲೇ ಸೂಚನೆ ಹೋಗಬೇಕು. ಟೆಸ್ಟ್ ಕಾರ್ಡಿಗೆ ಈ ತಾಪತ್ರಯ ಯಾವುದೂ ಗೊತ್ತಿಲ್ಲ.

ಹಾಗಾಗಿ ಬಿಡುಗಡೆಗೆ ಮುಂಚೆ, ಇಂಟರ್ನಲ್ ಟೆಸ್ಟಿಂಗ್ ಪಟ್ಟಿಯಲ್ಲಿದ್ದು ಲೈಸೆನ್ಸ್ ಪಟ್ಟಿಯಲ್ಲಿ ಇಲ್ಲದ ಒಬ್ಬರ ಫೋನಿನಲ್ಲಿ ನಿಜವಾದ ಯುಪಿಐನಿಂದ 29 ರೂಪಾಯಿ ಕಟ್ಟಿಸಿ. ನಮ್ಮನೆಯಲ್ಲಿ ಈ ಕೆಲಸ ಅಕ್ಕನದು. ಸುಳಿವು ಬಂತೆಂದು ಅವಳು ಹೇಳಿದ ಮೇಲೆ ಕನ್ಸೋಲ್‌ನ ಆರ್ಡರ್ ಪುಟಕ್ಕೆ ಹೋಗಿ ರೀಫಂಡ್ ಒತ್ತುತ್ತೇನೆ.