ಹೊಲದ ಹಕ್ಕಿ ಕಣ್ಣಿಗೆ, ಕಾಡಿನ ಹಕ್ಕಿ ಕಿವಿಗೆ

ನಮ್ಮ ರಾಗಿ ಹೊಲದಿಂದ ದೇವರಾಯನದುರ್ಗದ ಕಾಡಂಚಿಗೆ ಅರ್ಧ ಗಂಟೆ ನಡಿಗೆ. ಎರಡೂ ಕಡೆ ಹಕ್ಕಿ ಎಣಿಸಿ ಹೋಲಿಸೋಣ ಅಂತ ಹೊರಟವನು ನಾನು. ಮೊದಲ ವರ್ಷದ ಲೆಕ್ಕದಲ್ಲಿ ಹೊಲವೇ ಕಾಡನ್ನು ಮೀರಿಸಿಬಿಟ್ಟಿತು!

ತಪ್ಪು ನನ್ನದೇ. ಬಯಲಲ್ಲಿ ದೂರದ ಕರೆಂಟು ತಂತಿಯ ಮೇಲೆ ಕೂತ ನೀಲಕಂಠವೂ ಕಾಣುತ್ತದೆ. ಕಾಡಲ್ಲಿ ಹತ್ತು ಮಾರು ದೂರದ ಎಲೆಯ ಮರೆಯಲ್ಲಿರುವುದೂ ಕಾಣುವುದಿಲ್ಲ. ಹಾಗಾಗಿ ಎರಡೂ ಕಡೆ ಒಂದೇ ಅಳತೆ ಇಟ್ಟುಕೊಂಡೆ: ನಿಂತ ಜಾಗದ ಸುತ್ತ 50 ಮೀಟರ್, ಹತ್ತು ನಿಮಿಷ, ಬೆಳಗಿನ ಹೊತ್ತು ಮಾತ್ರ. ಅದರಾಚೆಯದು ಎಷ್ಟೇ ಚೆಂದದ ಹಕ್ಕಿಯಾದರೂ ಲೆಕ್ಕಕ್ಕಿಲ್ಲ. ಕೂಗುಗಳನ್ನು ಫೋನಿನಲ್ಲಿ ಹಿಡಿದು ತಂದು ರಾತ್ರಿ ಮತ್ತೆ ಮತ್ತೆ ಕೇಳಿದೆ. ಕಿವಿ ಪಳಗುವುದಕ್ಕೇ ಒಂದು ವರ್ಷ ಹಿಡಿಯಿತು. ಆಮೇಲೆ ಕಾಡಿನ ಪಟ್ಟಿ ತಾನಾಗಿ ಬೆಳೆಯಿತು.

ಆದರೆ ಎಷ್ಟು ಜಾತಿ ಎನ್ನುವುದಕ್ಕಿಂತ ಯಾವ ಜಾತಿ ಎನ್ನುವುದೇ ಮುಖ್ಯ ಅಂತ ಈಗ ನನಗನ್ನಿಸುತ್ತದೆ. ಹೊಲದ ಪುಟದಲ್ಲಿ ನೆಲಗುಬ್ಬಿ, ಟಿಟ್ಟಿಭ, ಮೈನಾ, ಕಾಜಾಣ, ಟ್ರ್ಯಾಕ್ಟರಿನ ಹಿಂದೆ ಹುಳ ಆಯುವ ಬೆಳ್ಳಕ್ಕಿ. ಕಾಡಿನ ಪುಟದಲ್ಲಿ ತೊಗಟೆ ಕೆದಕುವ ಮರಕುಟಿಗ, ನೆರಳಲ್ಲಿ ನೊಣ ಹಿಡಿಯುವ ರಾಜಹಕ್ಕಿ, ತರಗೆಲೆ ಮಗುಚುವ ನವರಂಗ. ಬಂಡೆಯ ಕುರುಚಲಲ್ಲಿ ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ನಮ್ಮ ಹೊಲದಲ್ಲಿ ಒಮ್ಮೆಯೂ ಬರೆದುಕೊಂಡಿಲ್ಲ. ಆ ಬೆಟ್ಟಕ್ಕೆ ಬೆಂಕಿ ಬಿದ್ದರೆ ಹೊಲದ ನೂರು ಮೈನಾಗಳಿಂದ ಅದರ ಜಾಗ ತುಂಬುವುದಿಲ್ಲ.

ಹಾಗಂತ ಬಯಲಿಗೆಲ್ಲ ಗಿಡ ನೆಡಿ ಎನ್ನುವವರ ಜೊತೆಗೂ ನಾನಿಲ್ಲ. ನೆಲಗುಬ್ಬಿ ಗೂಡು ಕಟ್ಟುವುದು ಬರೀ ನೆಲದ ಮೇಲೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಕೃಷ್ಣಮೃಗಗಳಿರುವ ಜಾಗ, ಬಯಲಾಗಿದ್ದರೇ ಚೆನ್ನ. ನೀಲಗಿರಿ ತೋಪಿನಲ್ಲೂ ಎಣಿಸಿ ನೋಡಿದ್ದೇನೆ. ದೂರಕ್ಕೆ ಕಾಡಿನಂತೆ ಹಸಿರು, ಒಳಗೆ ಹೋದರೆ ಹತ್ತು ನಿಮಿಷವೂ ಬರೀ ಗಾಳಿಯ ಸದ್ದು.

ಕಾಡಿನ ಹಕ್ಕಿ ಅಷ್ಟಿಷ್ಟಾದರೂ ಹೊಲಕ್ಕಿಳಿಯುವುದು ಬದುವಿನ ಮರಗಳಿಂದ. ಹೊಂಗೆ, ಹುಣಸೆ, ಅತ್ತಿ ಇರುವ ಬದುವಿಗೂ ಬೋಳು ಬದುವಿಗೂ ನನ್ನ ಪುಸ್ತಕದಲ್ಲಿ ಅಜಗಜಾಂತರ. ಅತ್ತಿ ಹಣ್ಣಾದ ವಾರ ಕುಟ್ರುಹಕ್ಕಿಯ ಕೂಗು ಮನೆಯವರೆಗೂ ಕೇಳುತ್ತದೆ.

ನಮ್ಮ ಹುಣಸೆ ಮರದ ಒಂದು ಕೊಂಬೆ ಒಣಗಿತ್ತು. ಸೌದೆಗೆ ಕಡಿಯಲು ಅಪ್ಪ ಮಚ್ಚು ಹಿಡಿದು ಹೊರಟಿದ್ದರು. "ಒಂದು ವರ್ಷ ಬಿಡಪ್ಪ" ಅಂತ ಕೇಳಿಕೊಂಡೆ. ಬೇಸಿಗೆಗೆ ಚಿಟ್ಟುಕುಟುರ ಅದರಲ್ಲಿ ಪೊಟರೆ ಕೊರೆಯಿತು. ಮರುವರ್ಷ ಅದೇ ಪೊಟರೆಗೆ ಮಡಿವಾಳ ಹಕ್ಕಿ ಬಂತು. ಈಗ ಆ ಕೊಂಬೆಯ ತಂಟೆಗೆ ಯಾರೂ ಹೋಗದ ಹಾಗೆ ಅಪ್ಪನೇ ನೋಡಿಕೊಳ್ಳುತ್ತಾರೆ.