ಕಾಫಿ ಹೂವಿಗೆ ದಿನ ಎಣಿಸಿ ಹೊರಟೆವು, ಸಿಕ್ಕಿತು

ಬಾಬಾಬುಡನ್‌ಗಿರಿ ಸಾಲಿನ ಇಳಿಜಾರಿನಲ್ಲಿ ಅರೇಬಿಕಾ ಕಾಫಿ ಪೂರ್ತಿ ಬಿರಿದ ಬೆಳಿಗ್ಗೆಯೇ ಅಲ್ಲಿ ಟ್ರೈಪಾಡ್ ಊರಬೇಕು ಎಂದು ನಾನೂ ನನ್ನ ಗೆಳೆಯನೂ ಎಷ್ಟೋ ವಸಂತ ಓಡಾಡಿದ್ದೇವೆ. ಈ ಸಲ ಆಯಿತು. ಮಳೆ ಬಿದ್ದ ದಿನದಿಂದ ಎಣಿಸಿ ಹೂವಿಗೆ ಹೊರಡುವ ನಮ್ಮ ದಾರಿ ಕೇಳಿ "ಹೂವಿಗೂ ಟೈಂಟೇಬಲ್ ಇರುತ್ತೇನ್ರೀ?" ಎಂದಿದ್ದ ಹಿರಿಯ ಫೋಟೊಗ್ರಾಫರ್‌ಗಳೇ ಈಗ ಫೋನ್ ಮಾಡಿ ವಿವರ ಕೇಳುತ್ತಿದ್ದಾರೆ. ಇರುತ್ತದೆ ಸ್ವಾಮಿ, ತೋಟದವರಿಗೆ ಅದು ಬಾಯಿಪಾಠ. ಫೋಟೊದವರು ಕೇಳಿರಲಿಲ್ಲ, ಅಷ್ಟೆ.

ಹಳೆಯ ಪದ್ಧತಿ ನಿಮಗೆ ಗೊತ್ತು. ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೆಳ್ಳಗಾದ ತೋಟ ಕಾಣುತ್ತದೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಡುತ್ತೇವೆ. ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಹೂವೆಲ್ಲ ಕಂದು ತಿರುಗಿ ಗೆಲ್ಲಿಗೆ ಅಂಟಿಕೊಂಡಿರುತ್ತದೆ. ಕಾಫಿ ಹೂವು ಕಳೆಗುಂದದೆ ನಿಲ್ಲುವುದು ಎರಡು ದಿನ, ಬಹಳವೆಂದರೆ ಮೂರು. ಸ್ಟೇಟಸ್ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದರಲ್ಲಿ ಅರ್ಧ ಕಳೆದಿರುತ್ತದೆ. ಹೀಗೆ ಬರಿಗೈಯಲ್ಲಿ ಬಂದ ಪ್ರತಿ ಸಲವೂ ಪೆಟ್ರೋಲ್, ಹೋಂಸ್ಟೇ, ಊಟ ಎಲ್ಲ ಸೇರಿ ಇಬ್ಬರಿಗೆ ಎಂಟೊಂಬತ್ತು ಸಾವಿರ ಹೋಯಿತು. ಒಂದು ವರ್ಷ ಯುಗಾದಿ ರಜೆಗೆ ಹೊಂದಿಸಿ ಮೊದಲೇ ರೂಮು ಹಿಡಿದೆವು. ಮಳೆ ಎರಡು ವಾರ ತಡವಾಯಿತು, ಕೊಟ್ಟ ಮುಂಗಡ ವಾಪಸ್ ಬರಲಿಲ್ಲ. ಇನ್ನೊಂದು ವರ್ಷ ಮಳೆಯೇನೋ ಬಂತು, ಆದರೆ ಸಾಲಲಿಲ್ಲ. ಮೊಗ್ಗುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಅರಳದೆ ನಿಂತುಬಿಟ್ಟವು. ಅವತ್ತು ನಮ್ಮ ಫೋಟೊಕ್ಕಿಂತ ತೋಟದ ಯಜಮಾನರ ಮುಖ ನೋಡಿ ಹೆಚ್ಚು ಸಂಕಟವಾಯಿತು. ಅವರಿಗೆ ಅದು ಒಂದು ವರ್ಷದ ಫಸಲು.

ದಾರಿ ತೋರಿಸಿದ್ದೂ ಅವರೇ. ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಮಳೆ ಪುಸ್ತಕ ತಂದು ತೋರಿಸಿದರು. ಮಲೆನಾಡಿನ ಪ್ಲಾಂಟರ್‌ಗಳ ಮನೆಯಲ್ಲಿ ಮಳೆ ಅಳೆಯುವುದು ಇಂಚು, ಸೆಂಟ್ ಲೆಕ್ಕದಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು. ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಒಂದು ಇಂಚಿನ ಆಸುಪಾಸು ಬಿದ್ದರೆ ಸರಿಯಾಗಿ ಅರಳುತ್ತದೆ. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಮಳೆ ಬಿದ್ದ ಏಳೆಂಟನೇ ದಿನಕ್ಕೆ, ಅರೇಬಿಕಾ ಒಂಬತ್ತು-ಹತ್ತನೇ ದಿನಕ್ಕೆ. ಎತ್ತರದ ತಂಪು ಜಾಗದಲ್ಲಿ ಒಂದು ದಿನ ಹಿಂದೆ ಮುಂದೆ.

ನಾವು ಮಾಡಿದ್ದಿಷ್ಟೆ. ಫೆಬ್ರವರಿ ಕೊನೆಯಿಂದಲೇ ಮೂರು ಕಡೆಯ ತೋಟದವರಿಗೆ ವಾರಕ್ಕೊಮ್ಮೆ ಫೋನ್: ಮೂಡಿಗೆರೆ ಕಡೆ ಒಬ್ಬರು, ಆಲ್ದೂರು ಕಡೆ ಒಬ್ಬರು, ಮಲ್ಲಂದೂರು ಕಡೆ ಒಬ್ಬರು. ಮೂರು ಯಾಕೆಂದರೆ ಈ ಕಾಲದ ಮಳೆ ಒಂದು ಗುಡ್ಡಕ್ಕೆ ಹೊಡೆದು ಪಕ್ಕದ ಗುಡ್ಡವನ್ನು ಒಣಗಿಸಿಯೇ ಬಿಡುತ್ತದೆ. ಹವಾಮಾನದ ಆ್ಯಪ್‌ಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಿಕ್ಕಮಗಳೂರಿನಲ್ಲಿ ಮಳೆ ಎಂದು ಅವು ತೋರಿಸಿದ ದಿನ ಮಲ್ಲಂದೂರಿನಲ್ಲಿ ಇಪ್ಪತ್ತು ಸೆಂಟೂ ಇರಲಿಲ್ಲ.

ರೇವತಿ ಮಳೆಯಲ್ಲಿ ತೋಟದವರೊಬ್ಬರ ಫೋನ್ ಬಂತು. "ರಾತ್ರಿ ಒಂದು ಇಂಚು ಹತ್ತು ಸೆಂಟ್ ಹೊಡೀತು ಸಾರ್, ಎಣ್ಸಕ್ಕೆ ಶುರು ಮಾಡಿ" ಎಂದರು. ಗೆಳೆಯ ಆಫೀಸಿನಲ್ಲಿ ವಾರದ ಮಧ್ಯೆ ರಜೆ ಹೇಳಿದ. ಇದು ಮುಖ್ಯ: ಶನಿವಾರ, ಭಾನುವಾರಕ್ಕೇ ಅಂಟಿಕೊಂಡವರಿಗೆ ಈ ಕ್ರಮ ಆಗುವುದಿಲ್ಲ. ಏಳನೇ ದಿನ ಮೊಗ್ಗಿನ ಫೋಟೊ ಕಳಿಸಲು ಕೇಳಿದೆವು. ಮೊಗ್ಗು ಉದ್ದವಾಗಿ ಬೆಳ್ಳಗಾಗುವ ಹಂತಕ್ಕೆ ತೋಟದವರು ಕ್ಯಾಂಡಲ್ ಅನ್ನುತ್ತಾರೆ. ಕ್ಯಾಂಡಲ್ ಬಂತೆಂದರೆ ಬ್ಯಾಗು ಹೆಗಲಿಗೆ. ಅರಳುವ ಹಿಂದಿನ ಸಂಜೆಯೇ ನಾವು ತೋಟದಲ್ಲಿದ್ದೆವು.

ಹೂವು ಬಿರಿಯುವುದು ಬೆಳಕು ಹರಿಯುವ ಮೊದಲು. ಐದೂವರೆಗೆ ಬಾಗಿಲು ತೆಗೆದಾಗಲೇ ಅಂಗಳದ ತುಂಬ ಮಲ್ಲಿಗೆಯಂಥ ಪರಿಮಳ. "ಬಂತು ಮಾರಾಯ, ಬಂತು" ಎಂದು ಗೆಳೆಯ ಕತ್ತಲಲ್ಲೇ ಓಡಿದ. ಕೆಲಸಕ್ಕೆ ಸಿಗುವುದು ಆರರಿಂದ ಎಂಟೂವರೆ. ಆಮೇಲೆ ಗಾಳಿ ಏಳುತ್ತದೆ, ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ತುಂಡುತುಂಡಾಗಿ ಬಿದ್ದು ಬಿಳಿಯೆಲ್ಲ ಸುಟ್ಟುಹೋಗುತ್ತದೆ. ಎಣ್ಣೆ ಹಚ್ಚಿದಂತೆ ಹೊಳೆಯುವ ಕಡುಹಸಿರು ಎಲೆಯ ಮೇಲೆ ಅಚ್ಚ ಬಿಳಿ ಹೂವು, ಕ್ಯಾಮೆರಾದ ಬೆಳಕಿನ ಮೀಟರ್ ನಂಬಿದರೆ ಎಸಳಿನ ಗೆರೆ ಒಂದೂ ಉಳಿಯುವುದಿಲ್ಲ. ನಾನು ಬೆಳಕನ್ನು ಮೀಟರ್ ಹೇಳಿದ್ದಕ್ಕಿಂತ ಮುಕ್ಕಾಲರಿಂದ ಒಂದು ಸ್ಟಾಪ್ ಕಡಿಮೆಯೇ ಇಟ್ಟೆ, ಎಲೆಯ ಕತ್ತಲೆಯನ್ನು ಆಮೇಲೆ ಎತ್ತಿದೆ. ಹತ್ತಿರದ ಹೂವಿಗೆ ಬೆಳಕು ಸೋಸುವ ಡಿಫ್ಯೂಸರ್ ಆಗಿ ಹಿಡಿದದ್ದು ಹಳೆಯ ಬಿಳಿ ಪಂಚೆ. ಸಾವಿರಾರು ರೂಪಾಯಿಯ ಮಡಚುವ ಡಿಫ್ಯೂಸರ್‌ಗಿಂತ ಬೆಳಕು ಮೆತ್ತಗೆ ಬಂತು, ಖರ್ಚು ಸೊನ್ನೆ.

ಇಡೀ ತೋಟ ಒಂದೇ ಚೌಕಟ್ಟಿಗೆ ಬರಬೇಕಾದರೆ ತೋಟದೊಳಗೆ ನಿಲ್ಲಬೇಡಿ. ಎದುರು ಇಳಿಜಾರಿಗೆ ಹತ್ತಿ 70-200 ಜೂಮ್ ಲೆನ್ಸಿನ ಉದ್ದನೆಯ ತುದಿಯಲ್ಲಿ ತೆಗೆದರೆ ಗಿಡದ ಸಾಲುಗಳು ಒಂದರ ಮೇಲೊಂದು ಕೂರುತ್ತವೆ, ಮೆಣಸಿನ ಬಳ್ಳಿ ಹಬ್ಬಿದ ಮರಗಳು ನೆಟ್ಟಗೆ ಗೆರೆ ಎಳೆಯುತ್ತವೆ. ಮಂಜೂ ಬಿಳಿ ಸಾಲೂ ಒಟ್ಟಿಗೆ ಸಿಕ್ಕ ಆ ಒಂದು ಫೋಟೊಕ್ಕೆ ನಾವು ನಿಂತ ಜಾಗ, ಹೊತ್ತು ಎರಡನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನಮಗೆ ಬಹಳ ಕಾಲ ಹಿಡಿದಿದೆ.

ಬಿಸಿಲು ಕಾದ ಮೇಲೆ ಹೆಜ್ಜೇನು ಬಂದವು, ಇಡೀ ತೋಟವೇ ಗುಂಯ್ ಅನ್ನುವಷ್ಟು. ಶಟರ್ 1/2000 ಸೆಕೆಂಡಿಗಿಂತ ನಿಧಾನವಾದರೆ ಫೋಟೊದಲ್ಲಿ ರೆಕ್ಕೆ ನಿಲ್ಲಲಿಲ್ಲ. ಜೇನಿನ ಹಿಂದೆ ಲೆನ್ಸ್ ತಿರುಗಿಸುವುದನ್ನು ಬಿಟ್ಟು ಒಂದೇ ಗೊಂಚಲಿಗೆ ಫೋಕಸ್ ಕಟ್ಟಿ ಕಾದರೆ ಅವೇ ಬರುತ್ತವೆ. ಪರ್ಫ್ಯೂಮ್ ಹಾಕಿಕೊಂಡು ಹೋಗಬೇಡಿ. ಗೆಲ್ಲು ಬಗ್ಗಿಸಲೂಬೇಡಿ. ಹೂವು ಬಿರಿದ ದಿನ ಎಷ್ಟೋ ತೋಟದವರು ತಮ್ಮ ಆಳುಗಳನ್ನೇ ಒಳಗೆ ಬಿಡುವುದಿಲ್ಲ, ನಮ್ಮನ್ನು ಬಿಟ್ಟರು ಅಂದರೆ ಅದು ನಂಬಿಕೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ಮತ್ತು ಜೇನು ತಂದುಕೊಡಬೇಕು. ಅಲ್ಲಿ ಇನ್ನೂ ಹುಷಾರಾಗಿರಬೇಕು.

ನಡುವೆ ಇನ್ನೊಂದು ಪ್ರಯೋಗ. ತೋಟದ ಮೇಲಿನ ಭಾಗ ಒಂದು ದಿನ ತಡ ಎಂದು ಗೊತ್ತಾದಾಗ, ಕ್ಯಾಂಡಲ್ ಅರಳುವುದನ್ನೇ ಟೈಮ್‌ಲ್ಯಾಪ್ಸ್ ಮಾಡೋಣ ಎಂದ ಗೆಳೆಯ. ಹಳೆಯ ಕ್ಯಾಮೆರಾ, ಪವರ್ ಬ್ಯಾಂಕ್, ಸಣ್ಣ ಎಲ್‌ಇಡಿ, ಎರಡು ನಿಮಿಷಕ್ಕೊಂದು ಫ್ರೇಮ್. ಒಂದು ಗಂಟೆಯೊಳಗೆ ಲೆನ್ಸಿನ ಮೇಲೆ ಇಬ್ಬನಿ. ಹೋಂಸ್ಟೇ ಅಮ್ಮ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟರು, ಮಂಡಿನೋವಿಗೆ ಕಾವು ಕೊಡುವ ಹಾಗೆ. ಅದನ್ನು ಲೆನ್ಸಿನ ಕತ್ತಿಗೆ ಸುತ್ತಿದೆವು. ಒಂದೂವರೆ ಗಂಟೆಗೊಮ್ಮೆ ಎದ್ದು ಗಂಟು ಬದಲಿಸಿ ಬೆಳಗಿನ ತನಕ ಓಡಿಸಿದೆವು. ಎಸಳು ಒಂದೊಂದೇ ಹಿಂದಕ್ಕೆ ಬಾಗುವ ಹತ್ತು ಸೆಕೆಂಡು ಸಿಕ್ಕಿದೆ, ಅಷ್ಟು ಚೆನ್ನಾಗಿದೆ!

ಖರ್ಚು ಈ ಸಲ ಇಬ್ಬರಿಗೆ ಸುಮಾರು ಏಳು ಸಾವಿರ. ವಾರದ ಮಧ್ಯೆ ಹೋದದ್ದರಿಂದ ರೂಮು ಅಗ್ಗವಾಯಿತು. ತೋಟದ ಯಜಮಾನರಿಗೆ ಒಂದು ದೊಡ್ಡ ಪ್ರಿಂಟ್ ಹಾಗೇ ಕೊಟ್ಟೆವು. ಉಳಿದ ಪ್ರಿಂಟ್‌ಗಳಿಂದ ಇಪ್ಪತ್ತು ಸಾವಿರದ ಹತ್ತಿರ ಬಂದಿದೆ, ಹಿಂದಿನ ನಷ್ಟದಲ್ಲಿ ಒಂದಷ್ಟು ತುಂಬಿತು.

ಮುಂದಿನ ಗುರಿ ರೊಬಸ್ಟಾ. ಅಲ್ಲಿ ಸ್ಪ್ರಿಂಕ್ಲರ್ ಹೊಡೆಯುವವರು ಹೆಚ್ಚು, ನೀರು ಬಿಟ್ಟ ದಿನದಿಂದಲೇ ಎಣಿಸಬಹುದು, ಆಕಾಶ ನೋಡುತ್ತ ಕೂರಬೇಕಿಲ್ಲ. ಮೂಡಿಗೆರೆಯವರು ಪಂಪ್ ಹಾಕುವ ಹಿಂದಿನ ದಿನ ಫೋನ್ ಮಾಡುವುದಾಗಿ ಒಪ್ಪಿದ್ದಾರೆ.