ಖಜಾನೆ ತುಂಬಿದ್ದರೆ ಗವರ್ನರ್ ಕೆಡುತ್ತಾನೆ: ಮಿಡೀವಲ್ 2 ಆಡುವವರಿಗೆ

ದಾವಣಗೆರೆ, ಚಿತ್ರದುರ್ಗದ ಗೆಳೆಯರೇ, ಮಧ್ಯಯುಗದ ರಾಜ್ಯ ಆಳುವ ಕಂಪ್ಯೂಟರ್ ಆಟ 'ಮಿಡೀವಲ್ 2: ಟೋಟಲ್ ವಾರ್' ಆಡುವಾಗ ಒಳ್ಳೆಯ ಗವರ್ನರ್‌ಗಳೆಲ್ಲ (ಊರು ಆಳಲು ಕೂರಿಸಿದ ಸೇನಾಪತಿಗಳು) ಯಾಕೆ ಭ್ರಷ್ಟರಾಗುತ್ತಾರೆ ಅಂತ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಮುಖ್ಯ ಕಾರಣ ನಿಮ್ಮ ಖಜಾನೆ. 2006ರ ಈ ಆಟದಲ್ಲೂ, ಇದೇ ಸರಣಿಯ 2004ರ 'ರೋಮ್: ಟೋಟಲ್ ವಾರ್'ನಲ್ಲೂ ಹಣ 50,000 ದಾಟಿದರೆ ಊರೊಳಗೆ ಕೂತ ಗವರ್ನರ್‌ಗೆ ಕೆಟ್ಟ ಗುಣ ಅಂಟುವ ಸಾಧ್ಯತೆ ಶುರುವಾಗುತ್ತದೆ. ಪ್ರತಿ ಸರದಿಗೂ (ಟರ್ನ್) ಅದೇ ಅಪಾಯ. ಗುಣ ಬೆಳೆದಷ್ಟೂ ಆ ಊರಿನ ಆದಾಯ ಸೋರುತ್ತದೆ.

ಹಾಗಾಗಿ ಸರದಿ ಮುಗಿಸುವ ಮುಂಚೆ ಖಜಾನೆ ನೋಡಿ. ಜಾಸ್ತಿ ಇದ್ದರೆ ರಸ್ತೆ, ಹೊಲ, ಮಾರುಕಟ್ಟೆ ಕಟ್ಟಲು ಹಾಕಿ. ಕಟ್ಟಡದ ಹಣ ಆಗಲೇ ಕಡಿತವಾಗುತ್ತದೆ, ಮುಗಿಯುವವರೆಗೆ ಕಾಯಬೇಕಿಲ್ಲ. ಕಟ್ಟಲು ಏನೂ ಉಳಿದಿಲ್ಲವಾ? ರಾಯಭಾರಿಯ ಕೈಯಲ್ಲಿ ಪಕ್ಕದ ರಾಜ್ಯಕ್ಕೆ ಕಾಣಿಕೆ ಕಳಿಸಿ, ಸಂಬಂಧವೂ ಸುಧಾರಿಸುತ್ತದೆ. ದೊಡ್ಡ ಯುದ್ಧಕ್ಕೆ ಹಣ ಕೂಡಿಡಲೇಬೇಕು ಅಂದರೆ, ನಿಮಗೆ ಬೇಕಾದ ಸೇನಾಪತಿಯನ್ನು ಊರ ಹೊರಗೆ ದಂಡಿನ ಜೊತೆ ನಿಲ್ಲಿಸಿ. ನನಗಂತೂ ಇದೇ ಎಲ್ಲಕ್ಕಿಂತ ಉಪಯೋಗದ ಉಪಾಯ. ಉತ್ತರಾಧಿಕಾರಿಯನ್ನು ಮಾತ್ರ ತುಂಬಿದ ಖಜಾನೆಯ ಕಾಲದಲ್ಲಿ ಸುಮ್ನೆ ಊರಲ್ಲಿ ಕೂರಿಸಬೇಡಿ. ಮುಂದೆ ಅವನೇ ರಾಜ ಅಲ್ವಾ?

ರಾಜವಂಶ ನಡೆಸುವ ಇನ್ನೊಂದು ಆಟ 'ಕ್ರುಸೇಡರ್ ಕಿಂಗ್ಸ್ 3'ರಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಗುಣವೇ ಹಣದ ದಾರಿ ಹೇಳುತ್ತದೆ. ದುರಾಸೆಯ ದೊರೆ ಕಾಣಿಕೆ ಕೊಟ್ಟರೆ ಅವನ ಮಾನಸಿಕ ಒತ್ತಡ (ಸ್ಟ್ರೆಸ್) ಏರುತ್ತದೆ. ಉಡುಗೊರೆ ಕಳಿಸುವ ಮುಂಚೆ ನಿಮ್ಮ ದೊರೆಯ ಗುಣಗಳನ್ನು ಓದಿ.